ಹ್ಯಾಂಡಲ್ ಮೇಲಿನ ಸಂಸಾರ

ಸೈಕಲ್ ಬಿದ್ದದ್ದು ಓಡುವಾಗಲ್ಲ, ನಿಂತಿದ್ದಾಗ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಮುಂದಿನ ಆರು ದಿನ ಮೆಟ್ಟಿಲಲ್ಲಿ, ಅಂಗಡಿಯಲ್ಲಿ, ನಲ್ಲಿಯ ಬಳಿ ಈ ವಿಷಯ ಮಾತಾಡಿದವರೆಲ್ಲ ತಮ್ಮ ತಮ್ಮ ಪಾಲಿನದನ್ನು ಸೇರಿಸಿಕೊಂಡರು: ಅವಳು ಜೋರಾಗಿ ತುಳಿಯುತ್ತಿದ್ದಳಂತೆ, ತಿರುವಿನಲ್ಲಿ ಲಾರಿ ಎದುರಾಯಿತಂತೆ, ಹೆದರಿ ಹ್ಯಾಂಡಲ್ ಬಿಟ್ಟಳಂತೆ. ಲಾರಿ ಇರಲಿಲ್ಲ. ತಿರುವೂ ಇರಲಿಲ್ಲ. ಮಂಗಳವಾರ ಸಂಜೆ, ಔಷಧದ ಅಂಗಡಿಯ ಮುಂದೆ, ಸಮತಟ್ಟಾದ ನೆಲದ ಮೇಲೆ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಸೈಕಲ್ ಹಿಂದಿನ ಸೀಟಿನಲ್ಲಿದ್ದ ಮಗುವಿನ ಸಮೇತ ಮಗ್ಗುಲಾಯಿತು.

ಅವಳು ಶಾಲೆಯ ಬ್ಯಾಗು ಹೊಲಿಯುವ ಕಾರ್ಖಾನೆಯಲ್ಲಿ ಹೆಗಲಪಟ್ಟಿ ಕೂರಿಸುವವಳು. ಒಂಬತ್ತು ವರ್ಷದಿಂದ ಅದೇ ಮಷಿನ್, ಅದೇ ಕಿಟಕಿಯ ಪಕ್ಕ. ಜಿಪ್ಪು ಕೈಕೊಟ್ಟರೆ ಮಕ್ಕಳು ಪಿನ್ನು ಚುಚ್ಚಿಕೊಂಡು ವರ್ಷ ದೂಡುತ್ತಾರೆ. ಪಟ್ಟಿ ಕಿತ್ತರೆ ಮಾತ್ರ ಬ್ಯಾಗೇ ಹೋದಂತೆ. ಆದ್ದರಿಂದ ಪಟ್ಟಿಯ ಬುಡದಲ್ಲಿ ಒಂದು ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಬೇಕು. ಆ ಚೌಕವನ್ನು ಅವಳಷ್ಟು ಬೇಗ, ಅವಳಷ್ಟು ನೇರವಾಗಿ ಹೊಲಿಯುವವರು ಆ ಸಾಲಿನಲ್ಲಿ ಇನ್ನೊಬ್ಬರಿಲ್ಲ. ಹಾಗಾಗಿ ಅಲ್ಲಿ ಅವಳು ಪಟ್ಟಿಯಕ್ಕ. ಮನೆಯಲ್ಲಿ ಅವಳನ್ನು "ಏ, ಇಲ್ ಕೇಳು" ಎಂದು ಕರೆಯುತ್ತಾರೆ.

ಸೈಕಲ್ ಅವಳಿಗೆ ಹೊಸದಲ್ಲ. ಹತ್ತು ವರ್ಷದವಳಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವಳು. ಮಂಡಿಯ ಚಿಪ್ಪಿನ ಮೇಲೆ ಆಗಿನ ಗುರುತುಗಳು ಇನ್ನೂ ಇವೆ. ಮದುವೆಯಾಗಿ ಬಂದಾಗ ಜೊತೆಗೆ ಸೈಕಲ್ ಬಂತು. ಅದರ ಮೇಲೆಯೇ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ಹುಟ್ಟಿ ಒಂದೂವರೆ ವರ್ಷವಾದ ಮೇಲೆ ಮತ್ತೆ ಕಾರ್ಖಾನೆಗೆ ಹೊರಟಾಗ ತೊಡಕಾಯಿತು. ಶಿಶುಮನೆಯ ಬಾಗಿಲು ತೆಗೆಯುವುದು ಎಂಟಕ್ಕೆ. ಕಾರ್ಖಾನೆಯ ಗೇಟು ಮುಚ್ಚುವುದು ಎಂಟೂವರೆಗೆ. ಬಸ್ಸಿನಲ್ಲಾದರೆ ಎರಡು ಕಡೆ ಇಳಿದು ಹತ್ತಬೇಕು, ಒಂಬತ್ತಾಗುತ್ತದೆ. ಗಂಡನ ಮೋಟಾರ್ ಬೈಕು ಬೇರೆ ದಿಕ್ಕಿಗೆ ಹೋಗುತ್ತದೆ. ಅವನು ಲಿಫ್ಟ್ ರಿಪೇರಿಯವನು. ಊರಿನ ಜನರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಓಡಾಡಿಸುವ ಕೆಲಸ. ಮನೆಗೆ ಬಂದಮೇಲೆ ಮಾತ್ರ ಕುರ್ಚಿಯಿಂದ ಏಳುವುದು ಅವನಿಗೆ ಕಷ್ಟ. ಹಾಗಾಗಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಮಗುವಿನ ಸೀಟು ಕೂತಿತು.

ಸೀಟು ಬಂದದ್ದು ಎಲ್ಲರಿಗೂ ಸಂತೋಷವೇ. ಬೆಳಗ್ಗೆ ಎಂಟಕ್ಕೆ ಶಿಶುಮನೆ, ಎಂಟು ಇಪ್ಪತ್ತಕ್ಕೆ ಗೇಟು. ಸಂಜೆ ಅದೇ ದಾರಿಯಲ್ಲಿ ವಾಪಸು. ಆದರೆ ಒಂದು ವಿಷಯ ಯಾರ ಲೆಕ್ಕಕ್ಕೂ ಬರಲಿಲ್ಲ, ಅವಳದಕ್ಕೂ. ಇಷ್ಟು ದಿನ ತರಕಾರಿ, ಹಿಟ್ಟು, ಇಸ್ತ್ರಿ ಅಂಗಡಿಯ ಬಟ್ಟೆ, ಅತ್ತೆಯ ಮಂಡಿನೋವಿನ ಗುಳಿಗೆ ಎಲ್ಲವೂ ಕ್ಯಾರಿಯರ್ ಮೇಲೆ ಬರುತ್ತಿದ್ದವು. ಸೀಟು ಕೂತಮೇಲೆ ಕ್ಯಾರಿಯರ್ ಹೋಯಿತು. ಸಾಮಾನು ಹೋಗಲಿಲ್ಲ, ಹ್ಯಾಂಡಲ್ಲಿಗೆ ಬಂತು. ಎಡಗಡೆ ಹಿಟ್ಟು, ಬಲಗಡೆ ತರಕಾರಿ, ಬ್ರೇಕಿನ ತಂತಿಗೆ ತಗುಲಿಹಾಕಿದ ಗಂಡನ ಅಂಗಿಗಳು, ಅವುಗಳ ಮೇಲೆ ಅವಳದೇ ಊಟದ ಡಬ್ಬಿ. "ಹೇಗೂ ಆ ಕಡೆಯಿಂದಲೇ ಬರ್ತೀಯಲ್ಲ" ಎನ್ನುವುದು ಆ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳುವ ಮಾತು. ಹೇಗೂ ಆ ಕಡೆಯಿಂದಲೇ ಬರುವವಳು ಅವಳೊಬ್ಬಳೇ ಆಗಿದ್ದಳು.

ಆ ಮಂಗಳವಾರ ಅವಳು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಒಂದೇ ಕಾಲಿನ ಸ್ಟ್ಯಾಂಡ್ ಹಾಕಿ, ಎಡಗೈಯಿಂದ ಸೀಟು ಹಿಡಿದುಕೊಂಡೇ ಗುಳಿಗೆಯ ಹೆಸರು ಹೇಳಿದಳು. ಔಷಧದ ಅಂಗಡಿಯವನು ಚೀಟಿ ಕೇಳಿದ. ಚೀಟಿ ಪರ್ಸಿನಲ್ಲಿತ್ತು, ಪರ್ಸಿನ ಜಿಪ್ಪು ಬಿಗಿಯಾಗಿತ್ತು. ಎರಡು ಕೈ ಬೇಕಾಯಿತು. ಅಷ್ಟೇ ಹೊತ್ತು. ಮಗು ಬೆಕ್ಕನ್ನು ನೋಡಲು ಪಕ್ಕಕ್ಕೆ ವಾಲಿತು, ಹಿಟ್ಟಿನ ಚೀಲ ಹ್ಯಾಂಡಲ್ಲನ್ನು ಎಳೆಯಿತು, ಮುಂದಿನ ಚಕ್ರ ತಿರುಗಿತು. ಅವಳು ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗುವಿನ ತಲೆಗೆ ಹೆಲ್ಮೆಟ್ ಇತ್ತು, ಬೆಲ್ಟೂ ಇತ್ತು. ಗಲ್ಲ ಮಾತ್ರ ಅಂಗಡಿಯ ಮೆಟ್ಟಿಲಿನ ಅಂಚಿಗೆ ತಾಗಿತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿತ್ತು. ಮಗಳ ಕಾಲುಗಳನ್ನು ತನ್ನ ತೊಡೆಯ ಮೇಲೆ ಒತ್ತಿ ಹಿಡಿದು ಕೂತ ಅವಳು ಡಾಕ್ಟರಮ್ಮನ ಕೈಯನ್ನೇ ನೋಡುತ್ತಿದ್ದಳು. ಹೊಲಿಗೆ ನೇರವಾಗಿತ್ತು. ಈ ದಾರ ತಾನಾಗಿಯೇ ಕರಗುತ್ತದೆ, ಬಿಚ್ಚಿಸಲು ಬರಬೇಕಾಗಿಲ್ಲ ಎಂದರು ಡಾಕ್ಟರಮ್ಮ. ಕಾರ್ಖಾನೆಯಲ್ಲಿ ಅಂಥ ದಾರ ಹಾಕಿದ್ದರೆ ತನ್ನನ್ನು ಅದೇ ದಿನ ಮನೆಗೆ ಕಳಿಸುತ್ತಿದ್ದರು ಎಂದು ಅವಳಿಗೆ ಅನಿಸಿತು. ಆಮೇಲೆ, ಹಾಗೆ ಅನಿಸಿದ್ದಕ್ಕೇ ಅಳು ಬಂತು.

ಬುಧವಾರ ಬೆಳಗ್ಗೆ ಮನೆಯಲ್ಲಿ ತೀರ್ಪು ಸಿದ್ಧವಾಗಿತ್ತು.

"ಸೈಕಲ್ ಮಾರಿಬಿಡೋಣ," ಎಂದ ಗಂಡ. "ಪುಟ್ಟಿ ಸ್ಕೂಲಿಗೆ ಸೇರೋ ತನಕ ನೀನು ಮನೇಲಿರು. ಎರಡು ಮೂರು ವರ್ಷ ಅಷ್ಟೆ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಕಳೆದುಹೋಗುತ್ತೆ."

"ಯಾರ ಕಣ್ಣು?" ಎಂದಳು ಅವಳು.

"ಮಾತಿಗೆ ಮಾತು ಬೇಡ. ಮಗು ಮುಖ ನೋಡು."

"ನೋಡ್ತಾನೇ ಇದೀನಿ. ರಾತ್ರಿಯಿಂದ ನಾನೇ ನೋಡ್ತಿರೋದು."

ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಯಾರಿಗೂ ಹೇಳದವರಂತೆ ಹೇಳಿದರು: "ನಾವು ಮೂರು ಮಕ್ಕಳನ್ನ ಸೊಂಟದ ಮೇಲೇ ಹೊತ್ತು ಬೆಳೆಸಿದ್ವಿ. ಹೆಣ್ಣು ಹೆಂಗಸಿಗೆ ಚಕ್ರ ಯಾಕೆ ಬೇಕಿತ್ತೋ."

ಅವಳು ಮಗುವಿನ ಹಾಲಿನ ಲೋಟ ತೊಳೆಯಲು ಎದ್ದಳು. ಹೋದ ವರ್ಷ ಗಂಡ ಮಗುವನ್ನು ಬೈಕಿನ ಟ್ಯಾಂಕ್ ಮೇಲೆ ಕೂರಿಸಿಕೊಂಡು, ಹೆಲ್ಮೆಟ್ಟೂ ಇಲ್ಲದೆ, ಬೀದಿಯ ಕೊನೆಯಲ್ಲಿ ಜಾರಿ ಬಿದ್ದಿದ್ದ. ಮಗುವಿಗೆ ಮೊಣಕೈ ತರಚಿತ್ತು, ಕನ್ನಡಿ ಒಡೆದಿತ್ತು. ಆಗ ಎಲ್ಲರೂ ರಸ್ತೆ ಸರಿಯಿಲ್ಲ ಎಂದಿದ್ದರು. ಬೈಕು ಮಾರುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹೊಸ ಕನ್ನಡಿ ಬಂತು.

ಆದರೆ ಅವಳನ್ನು ಕೊರೆಯುತ್ತಿದ್ದದ್ದು ಆ ನೆನಪಲ್ಲ. ಕೈ ಬಿಟ್ಟದ್ದು ನಾನೇ ಎನ್ನುವುದು. ಅವರು ಹೇಳುವುದು ನಿಜವೇ ಆಗಿದ್ದರೆ? ಸೈಕಲ್ಲಿನ ಮೇಲೆ ಮಗುವನ್ನು ಕೂರಿಸುವುದೇ ತಪ್ಪಾಗಿದ್ದರೆ?

ಮಧ್ಯಾಹ್ನ ಕಾರ್ಖಾನೆಗೆ ಫೋನ್ ಮಾಡಿದಳು. ಸೂಪರ್‌ವೈಸರ್ ಮೇಡಂ ಕೆಟ್ಟವರಲ್ಲ, ಆದರೆ ಅವರ ಹಿಂದೆ ಮಷಿನ್‌ಗಳ ಸದ್ದು ಇತ್ತು.

"ಮಗು ಹುಷಾರಾ? ನೋಡು, ಶಾಲೆ ಶುರುವಾಗೋ ಸೀಸನ್. ಸೋಮವಾರದ ತನಕ ನಿನ್ನ ಮಷಿನ್ ಖಾಲಿ ಇಡ್ತೀನಿ. ಆಮೇಲೆ ನನ್ನ ಕೈಲಿಲ್ಲ. ಆ ಜಿಪ್ಪು ಕೂರಿಸೋಳು ಆಗ್ಲೇ ಬಂದು ಕೇಳಿ ಹೋದಳು, ಕಿಟಕಿ ಪಕ್ಕ ಗಾಳಿ ಬರುತ್ತಂತೆ."

"ಬರ್ತೀನಿ ಮೇಡಂ."

"ಹೇಗೆ ಬರ್ತೀಯಾ?"

ಬರ್ತೀನಿ ಎಂದು ಇನ್ನೊಂದು ಸಲ ಹೇಳಿ ಫೋನ್ ಇಟ್ಟಳು.

ಶುಕ್ರವಾರ ಮಗು ಮಲಗಿದಾಗ ಸೈಕಲ್ ತಳ್ಳಿಕೊಂಡು ಪಂಕ್ಚರ್ ಅಜ್ಜನ ಹತ್ತಿರ ಹೋದಳು. ಅಜ್ಜನ ಅಂಗಡಿ ಎಂದರೆ ಒಂದು ಗೋಡೆ, ಒಂದು ತಗಡು, ನೀರಿನ ಬೋಗುಣಿ ಮತ್ತು ನಲವತ್ತು ವರ್ಷದ ಬೈಗುಳ. ಬೈಗುಳವೆಲ್ಲ ಸೈಕಲ್ ಮಾಡುವ ಕಂಪನಿಗಳಿಗೆ.

"ಸೀಟಿನ ತಪ್ಪಾ, ನನ್ನ ತಪ್ಪಾ, ನೋಡಿ ಹೇಳಿ ಅಜ್ಜ. ನಂಗೆ ಸಮಾಧಾನ ಹೇಳಬೇಡಿ."

"ಸಮಾಧಾನ ನಮ್ಮಲ್ಲಿ ಸಿಗಲ್ಲ ಕಣಮ್ಮ. ಗಾಳಿ, ಪಂಕ್ಚರ್, ಬ್ರೇಕು ಅಷ್ಟೇ."

ಅಜ್ಜ ಸೀಟನ್ನು ಅಲ್ಲಾಡಿಸಿ ನೋಡಿದ, ಬಿರುಕು ಬಿಟ್ಟಿದೆಯೋ ಎಂದು ಬೆನ್ನಿನ ಭಾಗಕ್ಕೆ ಉಗುರಿನಿಂದ ಗೀಚಿದ, ಬೋಲ್ಟು ಬಿಗಿ ಮಾಡಿದ. ಆಮೇಲೆ ಮಗುವಿನ ತೂಕ ಕೇಳಿ, ಒಂದು ಗೋಣಿಚೀಲಕ್ಕೆ ಅಷ್ಟೇ ಮರಳು ತುಂಬಿ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿದ. ಒಂಟಿ ಕಾಲಿನ ಸ್ಟ್ಯಾಂಡ್ ಹಾಕಿದ. ಸೈಕಲ್ ನಿಂತಿತು.

"ಹೀಗೇ ಇತ್ತಾ?"

"ಇಲ್ಲ, ಹ್ಯಾಂಡಲ್ ಮೇಲೆ ಸಾಮಾನಿತ್ತು."

"ಎಷ್ಟು?"

ಅವಳು ಒಂದೊಂದೇ ಹೇಳುತ್ತ ಹೋದಳು. ಅಜ್ಜ ಒಂದೊಂದಕ್ಕೂ ಕೈಗೆ ಸಿಕ್ಕ ಟ್ಯೂಬು, ಪಾನಾ, ನೀರು ತುಂಬಿದ ಕ್ಯಾನು ತಗುಲಿಹಾಕುತ್ತ ಹೋದ. ಡಬ್ಬಿಯ ತನಕ ಬರಬೇಕಾಗಲಿಲ್ಲ. ಮೂರನೆಯದಕ್ಕೇ ಮುಂದಿನ ಚಕ್ರ ಸರ್ರನೆ ತಿರುಗಿ ಸೈಕಲ್ ವಾಲಿತು. ಅಜ್ಜ ಅದಕ್ಕೇ ಕಾದಿದ್ದವನಂತೆ ಹೊಟ್ಟೆ ಕೊಟ್ಟು ತಡೆದ.

"ಇದು ಸೈಕಲ್ಲೋ ಸಂತೆಯೋ?" ಎಂದ. "ಹಿಂದೆ ಮಗು ಎತ್ತರದಲ್ಲಿ ಕೂತಿರುತ್ತೆ. ಮುಂದೆ ಭಾರ ಹಾಕಿದ್ರೆ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತೆ. ಬಿದ್ದು ರಿಪೇರಿಗೆ ಬಂದ ಮಗುವಿನ ಸೀಟು ಎಷ್ಟೋ ನೋಡಿದೀನಿ. ಓಡುವಾಗ ಬಿದ್ದಿದ್ದು ಕಮ್ಮಿ. ನಿಲ್ಲಿಸಿದಾಗ ಬಿದ್ದಿದ್ದೇ ಜಾಸ್ತಿ. ಎಲ್ಲರೂ ರಸ್ತೆಗೆ ಹೆದರ್ತಾರೆ. ಸ್ಟ್ಯಾಂಡಿಗೆ ಯಾರೂ ಹೆದರಲ್ಲ."

"ಹಾಗಾದ್ರೆ ಏನ್ ಮಾಡ್ಲಿ?"

"ಎರಡು ಕಾಲಿನ ಸ್ಟ್ಯಾಂಡ್ ಹಾಕ್ತೀನಿ. ಅದನ್ನೂ ನಂಬಬೇಡ. ನಿಲ್ಲಿಸಿದ ಕೂಡ್ಲೇ ಮೊದಲು ಮಗು ಇಳಿಸು, ಹೊರಡೋವಾಗ ಕೊನೇಲಿ ಕೂರಿಸು. ನಿಂತ ಸೈಕಲ್ ಮೇಲೆ ಮಗೂನ ಬಿಡಲೇಬೇಡ, ಒಂದು ಕೈ ಹಿಡಿದಿದೀನಿ ಅಂತ ಕೂಡ. ಇನ್ನು ಇಲ್ಲಿ ನೋಡು." ಅಜ್ಜ ಅವಳು ಕೂರುವ ಸೀಟಿನ ಕೆಳಗಿನ ಸ್ಪ್ರಿಂಗ್ ತೋರಿಸಿದ. "ನೀನು ಕೂತಾಗ ಇದು ಕುಗ್ಗುತ್ತೆ. ಹಿಂದಿನ ಮಗು ಬೆರಳು ತೂರಿಸಿದ್ರೆ ಅಡಕತ್ತರಿಗೆ ಸಿಕ್ಕ ಹಾಗೆ. ಚಕ್ರಕ್ಕೆ ಕಾಲು ಸಿಗದ ಹಾಗೆ ಹಾಕಿರೋ ಈ ಬಲಗಡೆ ತಗಡು ಸಡಿಲ ಆಗಿದೆ, ನೀನು ನೋಡೇ ಇಲ್ಲ. ಒಂದು ಸಲ ನೆಲಕ್ಕೆ ಬಡಿದ ಹೆಲ್ಮೆಟ್ ಬಿಸಾಕು, ಬೇರೆ ತಗೋ."

"ಮತ್ತೆ ಸಾಮಾನು?"

ಅಜ್ಜ ಬೋಗುಣಿಯ ನೀರಿನಲ್ಲಿ ಕೈ ತೊಳೆದುಕೊಂಡ. "ಸಾಮಾನಿನ ವಿಷಯ ನನ್ನ ಅಂಗಡಿದಲ್ಲ. ಅದು ನಿಮ್ಮನೇದು."

ಶನಿವಾರ ಅವಳು ಸ್ಪ್ರಿಂಗಿಗೆ ದಪ್ಪ ಕ್ಯಾನ್ವಾಸಿನ ಕವಚ ಹೊಲಿದಳು. ಮಗುವಿನ ಬೆಲ್ಟಿನಲ್ಲಿ ನೂಲು ಬಿಟ್ಟಿದ್ದ ಒಂದು ಕಡೆ ಚೌಕ ಹಾಕಿ, ಒಳಗೆ ಗೆರೆ ಎಳೆದಳು. ಹೊಲಿಯುತ್ತ ಹೊಲಿಯುತ್ತ ಒಳಗೆ ಕೊರೆಯುತ್ತಿದ್ದದ್ದು ಜಾಗ ಬದಲಿಸಿತು. ಕೈ ಬಿಟ್ಟದ್ದು ತನ್ನ ತಪ್ಪು, ಸರಿ. ಆದರೆ ಆ ಚೀಲಗಳನ್ನು ಕಟ್ಟಿದ ಕೈಗಳು ಎಷ್ಟು? ತಪ್ಪಿನ ಪೂರ್ತಿ ಪಾಲನ್ನೂ ಹ್ಯಾಂಡಲ್ಲಿಗೆ ತಗುಲಿಹಾಕಿಕೊಂಡು ತಾನೊಬ್ಬಳೇ ತಳ್ಳುತ್ತಿದ್ದಳಲ್ಲ.

ಭಾನುವಾರ ಬೆಳಗ್ಗೆ ಗಂಡ ಹಲ್ಲುಜ್ಜಿ ಹೊರಗೆ ಬಂದಾಗ ಅಂಗಳದಲ್ಲಿ ಅವಳು ಸೈಕಲ್ಲನ್ನು ಹಳೆಯ ಒಂಟಿ ಕಾಲಿನ ಸ್ಟ್ಯಾಂಡಿಗೇ ಹಾಕಿ ಹಿಡಿದುಕೊಂಡು ನಿಂತಿದ್ದಳು. ಹಿಂದಿನ ಸೀಟಿನಲ್ಲಿ ಅಜ್ಜನ ಮರಳಿನ ಚೀಲ, ಹ್ಯಾಂಡಲ್ಲಿನ ಎರಡೂ ಕಡೆ ಮಂಗಳವಾರದ ಅವೇ ಚೀಲಗಳು. ಅತ್ತೆ ಬಾಗಿಲಲ್ಲಿ, ಮೊಮ್ಮಗಳನ್ನು ಕಾಲ ಮೇಲೆ ಕೂರಿಸಿಕೊಂಡು ನೋಡುತ್ತಿದ್ದರು.

"ಹಿಡ್ಕೊಳ್ಳಿ," ಎಂದಳು ಅವಳು.

"ಯಾಕೆ?"

"ನನ್ನ ಕೈಲಿ ಆಗಲಿಲ್ಲವಲ್ಲ, ನಿಮ್ಮ ಕೈಲಿ ಆಗುತ್ತಾ ನೋಡೋಣ."

ಅವನು ನಗುತ್ತ ಹಿಡಿದುಕೊಂಡ. ಒಂದು ಕೈ ಹ್ಯಾಂಡಲ್, ಒಂದು ಕೈ ಸೀಟು.

"ಈಗ ನಾನು ಔಷಧದ ಅಂಗಡಿಯೋನು. ಚೀಟಿ ಎಲ್ಲಿ ಸ್ವಾಮಿ?"

"ಯಾವ ಚೀಟಿ?"

"ಅಮ್ಮನ ಗುಳಿಗೆ ಚೀಟಿ. ನಿಮ್ಮ ಜೇಬಲ್ಲಿದೆ, ನಾನೇ ಇಟ್ಟಿದೀನಿ. ಬೇಗ, ಹಿಂದೆ ಜನ ಕಾಯ್ತಿದಾರೆ."

ಅವನು ಹ್ಯಾಂಡಲ್ ಬಿಟ್ಟು ಜೇಬಿಗೆ ಕೈ ಹಾಕಿದ. ಚಕ್ರ ತಿರುಗಿತು. ಒಂದೇ ಕೈಯಲ್ಲಿ ತಡೆಯಲು ಹೋಗಿ, ಮರಳಿನ ಚೀಲದ ಬಾಯಿ ಬಿಚ್ಚಿ, ಅರ್ಧ ಮರಳು ಅವನ ಪಾದದ ಮೇಲೆ ಸುರಿಯಿತು. ಮಗು ಚಪ್ಪಾಳೆ ತಟ್ಟಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

"ಇದೇನು ನಾಟಕ?" ಎಂದ ಅವನು, ಕಾಲು ಕೊಡವುತ್ತ.

"ಒಂದು ಕೇಳ್ತೀನಿ. ಲಿಫ್ಟಲ್ಲಿ ಎಂಟು ಜನ ಅಂತ ಬರೆದಿರುತ್ತೆ. ಒಂಬತ್ತನೆಯವರು ಹತ್ತಿದ್ರೆ?"

"ಬಜರ್ ಹೊಡೆಯುತ್ತೆ. ಬಾಗಿಲು ಮುಚ್ಚಲ್ಲ."

"ಆಗ ನೀವೇನ್ ಮಾಡ್ತೀರಿ? ಒಂಬತ್ತನೆಯವರನ್ನ ಇಳಿಸ್ತೀರಾ, ಲಿಫ್ಟ್ ಮಾರ್ತೀರಾ?"

ತನ್ನ ಕೆಲಸದ ಮಾತು ತನಗೇ ತಿರುಗಿ ಬಂದಾಗ ಗಂಡಸಿಗೆ ಕೋಪ ಬರಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಆ ಹೊತ್ತಿನಲ್ಲಿ ಅವಳು ತನ್ನ ಮಾತು ಮುಗಿಸಿದಳು.

"ನಾಳೆಯಿಂದ ಪುಟ್ಟಿ ಸೀಟಲ್ಲಿದ್ರೆ ಸೈಕಲ್ ಮೇಲೆ ಬೇರೆ ಏನೂ ಇಲ್ಲ. ಹಿಟ್ಟಿಲ್ಲ, ತರಕಾರಿ ಇಲ್ಲ, ನಿಮ್ಮ ಅಂಗಿ ಇಲ್ಲ. ನನ್ನ ಡಬ್ಬಿ ಬೆನ್ನಿಗೆ ಹಾಕ್ಕೋತೀನಿ. ದಾರೀಲಿ ಎಲ್ಲೂ ನಿಲ್ಲಲ್ಲ. ಮನೆ, ಶಿಶುಮನೆ, ಕಾರ್ಖಾನೆ."

"ಹಾಗಾದ್ರೆ ಹಿಟ್ಟು ಯಾರು ತರ್ತಾರೆ?" ಅತ್ತೆ ಬಾಗಿಲಿಂದಲೇ ಕೇಳಿದರು. ಅದು ಜಗಳದ ದನಿಯಲ್ಲ, ನಿಜವಾದ ಅನುಮಾನ.

"ಮನೇಲಿ ಇನ್ನೊಂದು ಗಾಡಿ ಇದೆ ಅತ್ತೆ. ಅದಕ್ಕೆ ಎಂಜಿನ್ ಬೇರೆ ಇದೆ. ದಿನಾ ಸಂಜೆ ಖಾಲಿ ಬರುತ್ತೆ."

"ನನ್ನ ದಾರಿ ಆ ಕಡೆ ಅಲ್ಲ," ಎಂದ ಗಂಡ.

"ಆ ಕಡೆ ಮಾಡ್ಕೊಳ್ಳಿ."

"ಮಗೂಗೆ ಇನ್ನೊಂದು ಸಲ ಏನಾದ್ರೂ ಆಯ್ತು ಅಂದ್ರೆ ಆಮೇಲೆ ನನ್ನ ಕೇಳಬೇಡ."

"ಕೇಳ್ತಾ ಇಲ್ಲ. ಹೇಳ್ತಾ ಇದೀನಿ."

ಅವನು ಒಳಗೆ ಹೋದ. ಕೋಣೆಯ ಬಾಗಿಲು ತುಸು ಜೋರಾಗಿಯೇ ಮುಚ್ಚಿತು. ಅವಳು ಪೊರಕೆ ತಂದು ಮರಳು ಗುಡಿಸಲು ಬಗ್ಗಿದವಳು, ಪೊರಕೆಯನ್ನು ಗೋಡೆಗೆ ಒರಗಿಸಿ ಹಾಗೇ ಬಿಟ್ಟಳು. ಮರಳು ಬಿದ್ದದ್ದು ಅವನ ಕಾಲ ಮೇಲೆ.

ಅತ್ತೆ ಬಹಳ ಹೊತ್ತು ಮೊಮ್ಮಗಳ ಗಲ್ಲದ ಪಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಇವನ ಹುಬ್ಬಿನ ಹತ್ರ ಒಂದು ಗಾಯದ ಗುರುತಿದೆಯಲ್ಲ, ಅದು ನನ್ನ ಸೊಂಟದಿಂದ ಬಿದ್ದಿದ್ದು. ಎರಡು ಕೈಯಲ್ಲಿ ಎರಡು ಬಕೆಟ್ ನೀರಿತ್ತು. ಮೂರನೇ ಮಹಡಿ ಹತ್ತತಾ ಇದ್ದೆ."

"ಆಗ ಯಾರಾದ್ರೂ ಸೊಂಟ ಮಾರಿಬಿಡು ಅಂದ್ರಾ ಅತ್ತೆ?"

"ಮಾರೋ ಹಾಗಿದ್ದಿದ್ರೆ ಅಂದಿರೋರು," ಎಂದರು ಅತ್ತೆ. "ಬಕೆಟ್ ನಾನು ಹೊರ್ತೀನಿ ಅಂತ ಮಾತ್ರ ಯಾರೂ ಅನ್ನಲಿಲ್ಲ."

ಅಷ್ಟು ಹೇಳಿ, ಹೆಚ್ಚಾಯಿತು ಎನಿಸಿತೋ ಏನೋ, ಮಗುವಿಗೆ ಹಸಿವಾಗಿದೆ ಎಂದು ಗೊಣಗಿ ಎದ್ದರು.

ಸೋಮವಾರ ಬೆಳಗ್ಗೆ ಗಂಡ ಪೇಪರ್ ಹಿಂದೆ ಇದ್ದ. ಅವಳು ಎರಡು ಕಾಲಿನ ಸ್ಟ್ಯಾಂಡ್ ಮೇಲೆ ಸೈಕಲ್ ನಿಲ್ಲಿಸಿದಳು. ಡಬ್ಬಿ ಬೆನ್ನಿಗೆ, ಹೊಸ ಹೆಲ್ಮೆಟ್ ಮಗುವಿಗೆ. ಬ್ರೇಕು ಒತ್ತಿ ನೋಡಿದಳು, ಕಾಲಿನ ತಗಡು ಎಳೆದು ನೋಡಿದಳು. ಎಲ್ಲ ಆದಮೇಲೆ ಕೊನೆಯಲ್ಲಿ ಮಗುವನ್ನು ಎತ್ತಿ ಕೂರಿಸಿ ಬೆಲ್ಟ್ ಹಾಕಿದಳು.

"ಅಮ್ಮಾ, ಬೀಳ್ತೀವಾ?"

ಇಲ್ಲ ಎನ್ನಲು ಬಾಯಿ ತೆರೆದವಳು ಅದನ್ನು ನುಂಗಿದಳು. "ಹುಷಾರಾಗಿ ಹೋಗ್ತೀವಿ. ನಿಲ್ಲಿಸಿದ ಕೂಡ್ಲೇ ನಿನ್ನ ಇಳಿಸ್ತೀನಿ. ನೀನು ಬೆಕ್ಕು ಕಂಡ್ರೆ ಬಾಯಲ್ಲಿ ಹೇಳು, ವಾಲಬೇಡ."

ಮೊದಲ ನೂರು ಅಡಿ ಅವಳು ಬ್ರೇಕಿನ ಮೇಲೆ ಬೆರಳಿಟ್ಟೇ ತುಳಿದಳು. ಹ್ಯಾಂಡಲ್ ಇಷ್ಟು ಹಗುರವಾಗಿ ತಿರುಗುತ್ತದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಔಷಧದ ಅಂಗಡಿಯವನು ಷಟರ್ ಎತ್ತುತ್ತಿದ್ದವನು ಹಾಗೇ ನಿಂತ.

"ಮೊನ್ನೆ ತಾನೇ ಮಗು ಬಿತ್ತಲ್ಲಮ್ಮ, ಮತ್ತೆ ಕೂರಿಸ್ಕೊಂಡ್ಯಾ?"

"ಮೊನ್ನೆ ಬಿದ್ದಿದ್ದು ಹಿಟ್ಟು," ಎಂದಳು ಅವಳು, ನಿಲ್ಲಿಸದೆ. "ಮಗು ಜೊತೆಗೆ ಹೋಯ್ತು."

"ಬೆಕ್ಕು," ಎಂದಿತು ಹಿಂದಿನ ಸೀಟು, ನೆಟ್ಟಗೆ ಕೂತೇ.

ಗೇಟಿನಲ್ಲಿ ಎಂಟು ಇಪ್ಪತ್ತನಾಲ್ಕು. ಜಿಪ್ಪಿನವಳು ಕಿಟಕಿಯ ಪಕ್ಕದ ಮಷಿನ್ ಮೇಲೆ ತನ್ನ ಕತ್ತರಿ, ತನ್ನ ನೀರಿನ ಬಾಟಲಿ ಇಟ್ಟು, ಕುರ್ಚಿಯ ಎತ್ತರ ಸರಿ ಮಾಡಿಕೊಳ್ಳುತ್ತಿದ್ದಳು.

"ಅಯ್ಯೋ ಪಟ್ಟಿಯಕ್ಕ. ನೀವಿನ್ನು ಬರಲ್ಲ ಅಂದ್ರು."

"ಯಾರು ಅಂದ್ರು?"

"ಎಲ್ಲರೂ."

"ಎಲ್ಲರಿಗೂ ಹೇಳು, ಬಂದೆ ಅಂತ. ಬಾಟಲಿ ಮರೀಬೇಡ."

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಹೆಗಲಪಟ್ಟಿಯ ಎರಡು ಕಟ್ಟು ಮುಗಿಸಿದ್ದಳು. ಡಬ್ಬಿ ಬಿಚ್ಚುವಾಗ ಫೋನ್ ಬಂತು. ಗಂಡ. ದನಿ ಇನ್ನೂ ಬಿಗಿಯಾಗಿಯೇ ಇತ್ತು.

"ಅಮ್ಮ ಫೋನ್ ಮಾಡಿ ಹಿಟ್ಟು ತರಬೇಕು ಅಂದ್ರು. ಅಂಗಡಿ ಎಲ್ಲಿರೋದು?"

ಅವನು ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. ಮೂವತ್ತಾರು ವರ್ಷ ಆ ಅಂಗಡಿಯ ಹಿಟ್ಟನ್ನೇ ತಿಂದಿದ್ದಾನೆ.

"ನಿಮ್ಮ ಇಸ್ತ್ರಿ ಅಂಗಡಿ ಗೊತ್ತಾ?"

"ಅದೆಲ್ಲಿರೋದು?"

ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಜಿಪ್ಪಿನವಳಿಗೆ ನಗು ತಡೆಯಲಾಗದೆ ನೆತ್ತಿಗೇರಿತು. ಪಟ್ಟಿಯಕ್ಕ ಅವಳ ಬೆನ್ನು ತಟ್ಟುತ್ತಲೇ ಫೋನಿಗೆ ಹೇಳಿದಳು:

"ಬೀದಿ ಕೊನೇಲಿ ಬಲಕ್ಕೆ ತಿರುಗಿ, ಯಾರನ್ನಾದ್ರೂ ಕೇಳಿ. ಎರಡು ಕೆಜಿ. ಹ್ಯಾಂಡಲ್ಲಿಗೆ ತಗುಲಿಹಾಕಬೇಡಿ, ಬೈಕೂ ಬೀಳುತ್ತೆ. ಬೆಲ್ ಆಗ್ತಿದೆ, ಇಡ್ತೀನಿ."

ಬೆಲ್ಲಿಗೆ ಇನ್ನೂ ಹದಿನೈದು ನಿಮಿಷವಿತ್ತು. ಅವಳು ಡಬ್ಬಿಯ ಮುಚ್ಚಳ ತೆಗೆದು, ಕಿಟಕಿಯ ಕಡೆಗೆ ಮುಖ ಮಾಡಿ, ನಿಧಾನವಾಗಿ ಉಂಡಳು.